ಕೇಳಿದ್ದಕ್ಕಷ್ಟೇ ಉತ್ತರ

ನನ್ನ ತಂಗಿಯ ಮಗಳು ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಅವಳ ಪ್ರಯೋಗಾಲಯವನ್ನು ನೋಡಲು ಹೋಗಿದ್ದಾಗ ಎರಡು ಸಣ್ಣ ಗಾಜಿನ ಶೀಶೆಗಳನ್ನು ಮೇಜಿನ ಮೇಲಿಟ್ಟು, ಇವುಗಳಲ್ಲಿ ಏನಾದರೂ ವ್ಯತ್ಯಾಸ ಕಾಣುತ್ತದೆಯೇ ಎಂದು ಕೇಳಿದಳು. ಎರಡರಲ್ಲೂ ನುಣ್ಣನೆಯ ಬಿಳಿ ಪುಡಿ. ಬೆಳಕಿಗೆ ಹಿಡಿದು ನೋಡಿದೆ, ಅಲುಗಾಡಿಸಿ ನೋಡಿದೆ. ಯಾವ ಭೇದವೂ ಕಾಣಲಿಲ್ಲ. "ಇದು ಒಂದು ಅಣುವಿನ ಸುತ್ತ ಬೆಳೆದದ್ದು ಮಾವ. ಅದು ಯಾವ ಅಣುವನ್ನೂ ಕಂಡದ್ದಲ್ಲ. ಉಳಿದಂತೆ ಎರಡೂ ಒಂದೇ" ಎಂದಳು. ಆ ದಿನ ನಡೆದ ಮಾತುಕತೆಯನ್ನು ಅನಂತರ ಹಲವು ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ನಾವು ತಿನ್ನುವ ಅನ್ನ, ಕುಡಿಯುವ ಹಾಲು ಒಳ್ಳೆಯದೆಂದು ಯಾವ ಆಧಾರದ ಮೇಲೆ ನಂಬುತ್ತೇವೆ ಎಂಬ ಪ್ರಶ್ನೆ ಅಲ್ಲಿಂದ ನನ್ನ ಬೆನ್ನು ಹಿಡಿದಿದೆ.

ಆ ಪುಡಿಯನ್ನು ಮಾಡುವ ಕ್ರಮವನ್ನು ಅವಳು ಸಾವಧಾನವಾಗಿ ವಿವರಿಸಿದಳು. ಯಾವ ಅಣುವನ್ನು ಗುರುತಿಸಬೇಕೋ ಅದನ್ನು ಮೊದಲು ದ್ರಾವಕದಲ್ಲಿ ಕರಗಿಸುತ್ತಾರೆ. ಮೆಥಾಕ್ರಿಲಿಕ್ ಆಮ್ಲದಂಥ ಸಣ್ಣ ಅಣುಗಳನ್ನು ಅದಕ್ಕೆ ಸೇರಿಸಿದರೆ ಅವು ದುರ್ಬಲವಾದ ಹೈಡ್ರೋಜನ್ ಬಂಧಗಳಿಂದ ಅದರ ಸುತ್ತ ತಮತಮಗೆ ಒಪ್ಪುವ ಜಾಗದಲ್ಲಿ ನಿಲ್ಲುತ್ತವೆ. ಆಮೇಲೆ ಈ ಸಣ್ಣ ಅಣುಗಳನ್ನು ಒಂದಕ್ಕೊಂದು ಬಿಗಿಯುವ ಇನ್ನೊಂದು ರಾಸಾಯನಿಕವನ್ನು ಧಾರಾಳವಾಗಿ ಬೆರೆಸಿ, ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ರಾತ್ರಿಯಿಡೀ ಬಿಡುತ್ತಾರೆ. ಬೆಳಗಾಗುವ ಹೊತ್ತಿಗೆ ಪಾತ್ರೆಯಲ್ಲಿ ಗಟ್ಟಿಯಾದ ಪಾಲಿಮರ್ ಸಿದ್ಧವಾಗಿರುತ್ತದೆ. ಅದನ್ನು ಅರೆದು, ಜರಡಿ ಹಿಡಿದು, ಮೆಥನಾಲ್ ಮತ್ತು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ಮತ್ತೆ ಮತ್ತೆ ತೊಳೆದಾಗ ಒಳಗಿದ್ದ ಅಣು ಹೊರಟುಹೋಗುತ್ತದೆ. ಅದು ಇದ್ದ ಜಾಗ ಅದರದೇ ಆಕಾರದಲ್ಲಿ ಖಾಲಿ ಉಳಿಯುತ್ತದೆ. ಹಲಸಿನ ತೊಳೆಯಿಂದ ಬೀಜ ತೆಗೆದಾಗ ಉಳಿಯುವ ಪೊಳ್ಳು ನನಗೆ ನೆನಪಾಯಿತು. ತೊಳೆ ಮೆತ್ತಗಿರುವುದರಿಂದ ಆ ಪೊಳ್ಳು ಬೇಗನೆ ಕುಸಿಯುತ್ತದೆ. ಇಲ್ಲಿ ಹಾಗಾಗದಿರಲೆಂದೇ ಬಿಗಿಯುವ ರಾಸಾಯನಿಕವನ್ನು ಅಷ್ಟು ಹೆಚ್ಚು ಹಾಕುವುದು. ಮುಂದೆ ಎಂದಾದರೂ ಹಾಲಿನಲ್ಲೋ ನೀರಿನಲ್ಲೋ ಅದೇ ಅಣು ಎದುರಾದರೆ ಅದು ಆ ಪೊಳ್ಳಿಗೆ ಬಂದು ಕೂರುತ್ತದೆ. ಇಂಥ ಪಾಲಿಮರನ್ನು ಎಲೆಕ್ಟ್ರೋಡ್ ಒಂದರ ಮೇಲೆ ತೆಳುವಾದ ಪೊರೆಯಾಗಿ ಬೆಳೆಸಿದರೆ, ಪೊಳ್ಳುಗಳು ತುಂಬಿದಂತೆಲ್ಲ ಅದರ ಮೂಲಕ ಹರಿಯುವ ವಿದ್ಯುತ್ತು ಕಡಿಮೆಯಾಗುತ್ತದೆ. ಆ ಇಳಿಕೆಯನ್ನು ಅಳೆದರೆ ಅಣು ಎಷ್ಟಿದೆ ಎಂದು ತಿಳಿಯುತ್ತದೆ. ಅದೇ ಸೆನ್ಸರ್.

ಏನನ್ನೂ ಕಾಣದ ಎರಡನೆಯ ಪುಡಿಯನ್ನು ಏಕೆ ಮಾಡಬೇಕೆಂದು ಕೇಳಿದೆ. ಪಾಲಿಮರ್ ಎಂಬುದು ಸ್ವಭಾವದಿಂದಲೇ ಸಿಕ್ಕಿದ್ದನ್ನು ಅಷ್ಟಿಷ್ಟು ಅಂಟಿಸಿಕೊಳ್ಳುತ್ತದಂತೆ. ಆದ್ದರಿಂದ ಎರಡನ್ನೂ ಒಂದೇ ಹಾಲಿನಲ್ಲಿ ಹಾಕಿ ನೋಡಬೇಕು. ಎರಡನೆಯದು ಹಿಡಿದದ್ದನ್ನು ಮೀರಿ ಮೊದಲನೆಯದು ಎಷ್ಟು ಹಿಡಿದಿದೆಯೋ ಅಷ್ಟನ್ನು ಮಾತ್ರ ಗುರುತಿಸುವಿಕೆ ಎಂದು ಕರೆಯಬಹುದು. ಮಿಕ್ಕದ್ದು ಬರಿಯ ಅಂಟು. ಈ ಶಿಸ್ತು ನನಗೆ ಬಹಳ ಹಿಡಿಸಿತು. ನಾವು ಒಂದು ಅಭಿಪ್ರಾಯವನ್ನು ಗಟ್ಟಿಯಾಗಿ ಹಿಡಿದುಕೊಂಡಿರುವಾಗ ಅದರಲ್ಲಿ ತಿಳಿವಳಿಕೆ ಎಷ್ಟು, ಸುಮ್ಮನೆ ಅಂಟಿಕೊಂಡದ್ದು ಎಷ್ಟು ಎಂದು ಬೇರ್ಪಡಿಸುವ ಇಂಥ ಇನ್ನೊಂದು ಶೀಶೆ ನಮ್ಮ ಬಳಿ ಇರುವುದಿಲ್ಲ.

ಅವಳು ಹುಡುಕುತ್ತಿರುವುದು ಹಾಲಿನಲ್ಲಿರುವ ಅಫ್ಲಟಾಕ್ಸಿನ್ ಎಂಬ ವಿಷವನ್ನು. ನೆಲಗಡಲೆ, ಜೋಳ, ಹತ್ತಿಬೀಜಗಳ ಮೇಲೆ ಬೆಳೆಯುವ ಒಂದು ಬಗೆಯ ಬೂಸ್ಟು ಇದನ್ನು ತಯಾರಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತಾಗ, ಅವು ತಿಂದಿದ್ದ ಬ್ರೆಜಿಲ್ ದೇಶದ ನೆಲಗಡಲೆ ಹಿಂಡಿಯಲ್ಲಿ ಈ ವಿಷ ಮೊದಲ ಬಾರಿಗೆ ಪತ್ತೆಯಾಯಿತು. ಬೂಸ್ಟು ಹಿಡಿದ ಹಿಂಡಿಯನ್ನು ಹಸು ತಿಂದರೆ ಅದರ ಯಕೃತ್ತು ಈ ವಿಷವನ್ನು ಸ್ವಲ್ಪ ಮಾರ್ಪಡಿಸಿ ಹಾಲಿಗೆ ಬಿಡುತ್ತದೆ. ಹಾಲನ್ನು ಕುದಿಸಿದರೂ ಅದು ಹೋಗುವುದಿಲ್ಲ. ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುವಾದ್ದರಿಂದ ನಮ್ಮ ದೇಶದ ಕಾನೂನು ಒಂದು ಕಿಲೋ ಹಾಲಿನಲ್ಲಿ ಅರ್ಧ ಮೈಕ್ರೊಗ್ರಾಮಿಗಿಂತ ಹೆಚ್ಚು ಇರಕೂಡದೆಂದು ವಿಧಿಸಿದೆ. ಅಂದರೆ 20 ಲಕ್ಷ ಕಿಲೋ ಹಾಲಿಗೆ ಒಂದು ಗ್ರಾಂ. ಯುರೋಪಿನಲ್ಲಿ ಮಿತಿ ಇದರ ಹತ್ತನೆಯ ಒಂದು ಭಾಗ. ಕಣ್ಣು, ಮೂಗು, ನಾಲಗೆಗಳಿಗೆ ಎಟುಕುವ ಲೋಕ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಎಷ್ಟೋ ದೂರದಲ್ಲಿ ಈ ಅಳತೆಗಳು ಇವೆ. ನಮ್ಮ ಅಜ್ಜಿಯರು ಹಾಲನ್ನು ಬೆರಳಲ್ಲಿ ಮುಟ್ಟಿ, ಮೂಸಿ, ಒಂದು ತೊಟ್ಟು ಚಪ್ಪರಿಸಿ ತೀರ್ಮಾನಿಸುತ್ತಿದ್ದ ಕಾಲದ ಜಾಣ್ಮೆಯನ್ನು ನಾನು ಗೌರವಿಸುತ್ತೇನೆ. ಆದರೆ ಇಲ್ಲಿ ಅದರಿಂದ ಉಪಯೋಗವಿಲ್ಲ.

ನನಗೆ ಎಲ್ಲಕ್ಕಿಂತ ವಿಚಿತ್ರವೆನಿಸಿದ ಸಂಗತಿ ಬೇರೆ. ಅವಳ ಪುಡಿ ಅಫ್ಲಟಾಕ್ಸಿನ್ನನ್ನು ಒಮ್ಮೆಯೂ ಕಂಡಿರಲಿಲ್ಲ. ಅದನ್ನು ಬೆಳೆಸಿದ್ದು ಡೈಮಿಥಾಕ್ಸಿಕೂಮರಿನ್ ಎಂಬ ಇನ್ನೊಂದು ಅಣುವಿನ ಸುತ್ತ. ಆಕಾರದಲ್ಲಿ ಅದು ಅಫ್ಲಟಾಕ್ಸಿನ್ನಿನ ಒಂದು ಭಾಗವನ್ನು ಹೋಲುತ್ತದೆ. ಹೀಗೆ ಮಾಡಲು ಎರಡು ಕಾರಣಗಳಿವೆ. ಮೊದಲನೆಯದು, ನಿಜವಾದ ವಿಷ ಅಪಾಯಕಾರಿ ಮತ್ತು ತುಂಬ ದುಬಾರಿ. ಎರಡನೆಯದನ್ನು ಅವಳು ಹೇಳಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಎಷ್ಟೇ ತೊಳೆದರೂ ಅಚ್ಚಿನ ಅಣುಗಳು ಒಂದಿಷ್ಟು ಪಾಲಿಮರಿನ ಒಳಮೂಲೆಗಳಲ್ಲಿ ಸಿಕ್ಕಿಕೊಂಡೇ ಇರುತ್ತವೆ. ಮುಂದೆ ಪರೀಕ್ಷೆ ನಡೆಯುವಾಗ ಅವು ಮೆಲ್ಲಗೆ ಒಸರುತ್ತವೆ. ನಿಜವಾದ ವಿಷದಿಂದಲೇ ಅಚ್ಚು ಮಾಡಿದ್ದರೆ, ಶುದ್ಧವಾದ ಹಾಲಿನಲ್ಲೂ ವಿಷ ಇದೆಯೆಂದು ಫಲಿತಾಂಶ ಬರುತ್ತದೆ. ಅದು ಬಂದದ್ದು ಹಾಲಿನಿಂದಲ್ಲ, ಪರೀಕ್ಷಿಸುವ ವಸ್ತುವಿನ ಹೊಟ್ಟೆಯೊಳಗಿನಿಂದ.

ಒಮ್ಮೆ ಮೋಸಹೋದವನು ಎಲ್ಲರಲ್ಲೂ ಮೋಸವನ್ನೇ ಕಾಣುತ್ತಾನೆಂಬುದನ್ನು ನಾವೆಲ್ಲ ಬಲ್ಲೆವು. ಆದರೆ ಅದನ್ನು ಸ್ವಭಾವದ ದೋಷವೆಂದು ಬಗೆದು ಅಲ್ಲಿಗೇ ಬಿಡುತ್ತೇವೆ. ರಸಾಯನಶಾಸ್ತ್ರಜ್ಞರು ಹಾಗೆ ಬಿಡಲಿಲ್ಲ. ಪೂರ್ತಿ ತೊಳೆಯುವುದು ಅಸಾಧ್ಯವೆಂದು ಒಪ್ಪಿಕೊಂಡರು. ಉಳಿದದ್ದು ಒಸರಿದರೂ ತೀರ್ಪು ಕೆಡದಂತೆ ದಾರಿ ಹುಡುಕಿದರು. ಹೋಲುವ ಅಣುವಿನಿಂದ ಅಚ್ಚು ಮಾಡಿದರೆ ಒಸರಿದ್ದು ಯಾವುದು, ಹಾಲಿನಲ್ಲಿದ್ದದ್ದು ಯಾವುದು ಎಂದು ಬೇರ್ಪಡಿಸಿ ಓದಬಹುದು. ಇದಕ್ಕೆ ಒಂದು ಬೆಲೆಯೂ ಇದೆ: ಹಿಡಿತ ಸ್ವಲ್ಪ ಸಡಿಲವಾಗುತ್ತದೆ, ಹೋಲುವ ಬೇರೆ ಅಣುಗಳೂ ಕೆಲವೊಮ್ಮೆ ಬಂದು ಕೂರುತ್ತವೆ. ತನ್ನ ಅನುಭವದ ಕಲೆಯನ್ನು ಲೋಕದ ಮೇಲಿನ ಕಲೆಯೆಂದು ಓದದಿರುವುದಕ್ಕಾಗಿ ತೀಕ್ಷ್ಣತೆಯಲ್ಲಿ ಕೊಂಚ ಬಿಟ್ಟುಕೊಡುವ ಈ ವ್ಯವಹಾರ ನನಗೆ ನ್ಯಾಯವಾಗಿ ತೋರುತ್ತದೆ. ಬದುಕಿನಲ್ಲಿ ಪೆಟ್ಟು ತಿಂದ ಹಿರಿಯರಲ್ಲಿ ಕೆಲವರು ಮಾತ್ರ ಇದನ್ನು ಸಾಧಿಸಿರುವುದನ್ನು ಕಂಡಿದ್ದೇನೆ.

ಈ ವಿದ್ಯೆಯ ಹುಟ್ಟಿನ ಕಥೆಯೂ ವಿಚಾರಕ್ಕೆ ಎಡೆಮಾಡುತ್ತದೆ. ನಮ್ಮ ರಕ್ತದಲ್ಲಿರುವ ಪ್ರತಿಕಾಯಗಳು ರೋಗಾಣುವಿನ ಭಾಗವನ್ನೇ ಅಚ್ಚಾಗಿ ಬಳಸಿ, ಅದರ ಸುತ್ತ ಮಡಿಚಿಕೊಂಡು ಆಕಾರ ಪಡೆಯುತ್ತವೆ ಎಂದು ಲೈನಸ್ ಪಾಲಿಂಗ್ 1940ರಲ್ಲಿ ಊಹಿಸಿದರು. ಅವರ ಪ್ರಯೋಗಾಲಯದಲ್ಲೇ ಫ್ರಾಂಕ್ ಡಿಕಿ ಎಂಬವರು 1949ರಲ್ಲಿ ಬಣ್ಣದ ಅಣುಗಳ ಸುತ್ತ ಸಿಲಿಕಾವನ್ನು ಗಟ್ಟಿಯಾಗಿಸಿ, ಬಣ್ಣವನ್ನು ತೊಳೆದುಹಾಕಿ, ಆ ಸಿಲಿಕಾ ಅದೇ ಬಣ್ಣವನ್ನು ಹೆಚ್ಚಾಗಿ ಹಿಡಿಯುವುದನ್ನು ತೋರಿಸಿದರು. ಪಾಲಿಂಗ್ ಅವರ ಊಹೆ ನಿಲ್ಲಲಿಲ್ಲ. 1957ರಲ್ಲಿ ಮ್ಯಾಕ್‌ಫರ್ಲೇನ್ ಬರ್ನೆಟ್ ಮುಂದಿಟ್ಟ ವಿವರಣೆಯೇ ಸರಿಯೆಂದು ಕ್ರಮೇಣ ಸಿದ್ಧವಾಯಿತು: ಬಗೆಬಗೆಯ ಪ್ರತಿಕಾಯಗಳನ್ನು ಮಾಡಬಲ್ಲ ಕೋಶಗಳು ದೇಹದಲ್ಲಿ ಮೊದಲೇ ಇರುತ್ತವೆ, ಹೊಂದುವಂಥದು ಆಯ್ಕೆಗೊಂಡು ಹೆಚ್ಚುತ್ತದೆ. ದೇಹ ಮಾಡದ ಕೆಲಸವನ್ನು ರಸಾಯನಶಾಸ್ತ್ರ ಮಾಡಿತು. 1972ರಲ್ಲಿ ಜರ್ಮನಿಯ ಗುಂಟರ್ ವುಲ್ಫ್ ಸಿಲಿಕಾದ ಬದಲು ಪಾಲಿಮರಿನಲ್ಲಿ ಅಚ್ಚು ಮೂಡಿಸಿದರು. 1993ರಲ್ಲಿ ಸ್ವೀಡನ್ನಿನ ಕ್ಲಾಸ್ ಮೋಸ್‌ಬಾಕ್ ಮತ್ತು ಸಂಗಡಿಗರು ಉಬ್ಬಸದ ಔಷಧಿಯಾದ ಥಿಯೋಫಿಲಿನ್ನನ್ನು ಗುರುತಿಸುವ ಪಾಲಿಮರ್ ಮಾಡಿದರು. ಕಾಫಿಯ ಕೆಫೀನಿಗೂ ಥಿಯೋಫಿಲಿನ್ನಿಗೂ ಇರುವ ವ್ಯತ್ಯಾಸ ಒಂದೇ ಒಂದು ಮೀಥೈಲ್ ಗುಂಪು. ಆ ಪಾಲಿಮರ್ ಇವೆರಡನ್ನು ಬೇರ್ಪಡಿಸಿತು. ಮೊಲ, ಇಲಿಗಳ ದೇಹದಲ್ಲಿ ಪ್ರತಿಕಾಯಗಳನ್ನು ಬೆಳೆಸಿ ತೆಗೆಯಬೇಕಾಗಿದ್ದ ಕೆಲಸಕ್ಕೆ ಒಂದು ಪುಡಿ ಸಾಕಾಯಿತು. ಪ್ರತಿಕಾಯಗಳಿಗೆ ಫ್ರಿಜ್ ಬೇಕು, ಆಮ್ಲ ಕ್ಷಾರಗಳನ್ನು ಅವು ತಾಳವು. ಈ ಪುಡಿಯನ್ನು ಹಳ್ಳಿಯ ಕಪಾಟಿನಲ್ಲಿ ಬೇಸಗೆಯಿಡೀ ಇಟ್ಟರೂ ಕೆಡುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ನನ್ನಲ್ಲಿ ಉತ್ಸಾಹ ತುಂಬಿತ್ತು. ಈ ಪುಡಿ ಹಚ್ಚಿದ, ವಿಷ ಸಿಕ್ಕರೆ ಬಣ್ಣ ಬದಲಿಸುವ ಪಟ್ಟಿಯೊಂದು ಪ್ರತಿ ಮನೆಯಲ್ಲೂ ಇದ್ದರೆ ಹಾಲು ಒಳ್ಳೆಯದೋ ಅಲ್ಲವೋ ಎಂದು ಎಲ್ಲರೂ ತಿಳಿದುಕೊಳ್ಳಬಹುದಲ್ಲ ಎಂದೆ. ಅವಳು ತಲೆಯಾಡಿಸಿದಳು. "ಹಾಲು ಒಳ್ಳೆಯದೋ ಅಂತ ಇದು ಹೇಳುವುದಿಲ್ಲ ಮಾವ. ಅಫ್ಲಟಾಕ್ಸಿನ್ ಇದೆಯೋ ಅಂತ ಮಾತ್ರ ಹೇಳುತ್ತದೆ. ಯೂರಿಯಾ ಬೆರೆಸಿದ್ದರೆ, ಮೆಲಮೀನ್ ಹಾಕಿದ್ದರೆ ಇದಕ್ಕೆ ಗೊತ್ತೇ ಆಗುವುದಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ."

ಮೆಲಮೀನ್ ಎಂದಾಗ ನನಗೆ 2008ರ ಚೀನಾ ನೆನಪಾಯಿತು. ಅಲ್ಲಿ ಮಕ್ಕಳ ಹಾಲಿನ ಪುಡಿಯಲ್ಲಿ ಮೆಲಮೀನ್ ಬೆರೆತಿತ್ತು. ಸುಮಾರು 3 ಲಕ್ಷ ಹಸುಗೂಸುಗಳು ಕಾಯಿಲೆ ಬಿದ್ದವು, ಮೂತ್ರಪಿಂಡಗಳಲ್ಲಿ ಕಲ್ಲು ಕಟ್ಟಿ ಆರು ಶಿಶುಗಳು ತೀರಿಕೊಂಡವು. ಆ ಹಾಲು ಪರೀಕ್ಷೆಯಾಗದೆ ಬಂದದ್ದಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಗಿಯೇ ಬಂದಿತ್ತು. ಹಾಲಿನಲ್ಲಿ ಪ್ರೋಟೀನ್ ಎಷ್ಟಿದೆ ಎಂದು ನೋಡಲು ಕೆಲ್ಡಾಲ್ ಎಂಬ ವಿಜ್ಞಾನಿ 1883ರಲ್ಲಿ ಕೋಪನ್‌ಹೇಗನ್ನಿನಲ್ಲಿ ರೂಪಿಸಿದ ವಿಧಾನವನ್ನು ಜಗತ್ತು ಇಂದಿಗೂ ಬಳಸುತ್ತದೆ. ಆ ವಿಧಾನ ಅಳೆಯುವುದು ನೈಟ್ರೋಜನ್ನನ್ನು. ಪ್ರೋಟೀನಿನಲ್ಲಿ ನೈಟ್ರೋಜನ್ ಸುಮಾರು ಶೇ. 16ರಷ್ಟು, ಆದ್ದರಿಂದ ನೈಟ್ರೋಜನ್ ತಿಳಿದರೆ ಪ್ರೋಟೀನನ್ನು ಲೆಕ್ಕ ಹಾಕಬಹುದು. ಮೆಲಮೀನಿನ ತೂಕದಲ್ಲಿ ಮೂರನೆಯ ಎರಡು ಭಾಗ ನೈಟ್ರೋಜನ್. ಹಾಲಿಗೆ ನೀರು ಬೆರೆಸಿ, ಒಂದಿಷ್ಟು ಮೆಲಮೀನ್ ಹಾಕಿದರೆ ಉಪಕರಣ ಪ್ರೋಟೀನ್ ಯಥೇಷ್ಟವಾಗಿದೆ ಎನ್ನುತ್ತದೆ. ಉಪಕರಣದ ಮಟ್ಟಿಗೆ ಅದು ಸತ್ಯ. ನೈಟ್ರೋಜನ್ ಎಷ್ಟಿದೆ ಎಂದು ಅದನ್ನು ಕೇಳಲಾಗಿತ್ತು, ಅದು ಸರಿಯಾಗಿಯೇ ಉತ್ತರಿಸಿತು. ವಂಚಕರು ಹಾಲನ್ನು ಬಲ್ಲವರಾಗಿರಬೇಕಿರಲಿಲ್ಲ. ನಾವು ಕೇಳುವ ಪ್ರಶ್ನೆಯನ್ನು ಬಲ್ಲವರಾಗಿದ್ದರೆ ಸಾಕಾಗಿತ್ತು.

ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ಒಳ್ಳೆಯದು ಎಂಬ ಭಾವನೆ ನಮ್ಮೊಳಗೆ ಎಷ್ಟು ಆಳವಾಗಿ ಬೇರುಬಿಟ್ಟಿದೆಯೆಂದರೆ, ಇವೆರಡೂ ಬೇರೆ ಬೇರೆ ಸಂಗತಿಗಳೆಂದು ನೆನಪಿಸಿಕೊಳ್ಳಲು ಪ್ರಯಾಸಪಡಬೇಕಾಗುತ್ತದೆ. ಹಾಗಾದರೆ ಪ್ರಶ್ನೆ ಎಲ್ಲಿಂದ ಬರುತ್ತದೆ? ಯಾವ ಅಣುವಿನ ಸುತ್ತ ಅಚ್ಚು ಎರೆಯಬೇಕೆಂದು ಯಾರು ನಿರ್ಧರಿಸುತ್ತಾರೆ? ಇದನ್ನು ಯೋಚಿಸುವಾಗಲೆಲ್ಲ ನಮ್ಮ ನೆರೆಯ ಕಾಸರಗೋಡಿನ ಪಡ್ರೆ ಗ್ರಾಮ ಕಣ್ಣ ಮುಂದೆ ಬರುತ್ತದೆ. ಅಲ್ಲಿಯ ಸರಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿದರು. ಆ ಊರಿನವರೇ ಆದ ಪತ್ರಕರ್ತ ಶ್ರೀ ಪಡ್ರೆಯವರು ಅಂಗವೈಕಲ್ಯದಿಂದ ಹುಟ್ಟುವ ಕರುಗಳನ್ನು ನೋಡಿ ಮೊದಲಿಗೇ ಬರೆದರು. ವಾಣಿನಗರದಲ್ಲಿ ವೈದ್ಯವೃತ್ತಿ ಮಾಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರರು ಕೆಲವೇ ಮನೆಗಳಿಂದ ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟು ಅಂಗವಿಕಲತೆಗಳ ರೋಗಿಗಳು ಒಬ್ಬರ ಹಿಂದೆ ಒಬ್ಬರಂತೆ ಬರುವುದನ್ನು ಗಮನಿಸಿದರು. ಅವರ ಕೈಯಲ್ಲಿ ಅಣುವನ್ನು ಹಿಡಿಯುವ ಯಾವ ಉಪಕರಣವೂ ಇರಲಿಲ್ಲ. ಒಂದೇ ಊರಿನಲ್ಲಿ ವರ್ಷಗಟ್ಟಲೆ ಇದ್ದು, ಮನೆಮನೆಯನ್ನು ಬಲ್ಲವರಾಗಿ, ಇದು ಹೀಗೇಕೆ ಎಂದು ಕೇಳುವುದನ್ನು ಬಿಡದಿದ್ದದ್ದೇ ಅವರ ಸಾಧನ. ಕೃಷಿ ಅಧಿಕಾರಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದಿಂದ ಸಿಂಪಡಣೆಗೆ ತಡೆ ತಂದರು. ನಮ್ಮ ಜಿಲ್ಲೆಯ ಕೊಕ್ಕಡ, ಪಟ್ರಮೆ, ನಿಡ್ಲೆಗಳೂ ಇದೇ ವಿಷವನ್ನು ಉಂಡ ಊರುಗಳು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಇದನ್ನು ನಿಷೇಧಿಸಿತು. ಕರುವನ್ನು ಕಂಡವರ ಪ್ರಶ್ನೆಗೂ ಆ ಆದೇಶಕ್ಕೂ ನಡುವೆ ಮೂರು ದಶಕಗಳು ಕಳೆದಿದ್ದವು.

ಅಲ್ಲಿಯೂ ಅಣುವಿನ ಪ್ರಶ್ನೆ ಸರಳವಾಗಿರಲಿಲ್ಲ. ಎಂಡೋಸಲ್ಫಾನ್ ಎರಡು ರೂಪಗಳ ಮಿಶ್ರಣ. ಮಣ್ಣಿನಲ್ಲೂ ದೇಹದಲ್ಲೂ ಅದು ಎಂಡೋಸಲ್ಫಾನ್ ಸಲ್ಫೇಟಾಗಿ ಬದಲಾಗಿ, ಮೂಲಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಸಿಂಪಡಿಸಿದ ಅಣುವನ್ನಷ್ಟೇ ಹುಡುಕುವವನು ತಡವಾಗಿ ಬಂದರೆ, ನೀರು ಸ್ವಚ್ಛವಾಗಿದೆ ಎಂದು ಪ್ರಾಮಾಣಿಕವಾಗಿಯೇ ಬರೆದುಕೊಟ್ಟಾನು. ಮೂರನ್ನೂ ಕೂಡಿಸಿ ಅಳೆಯಬೇಕೆಂಬ ನಿಯಮ ಇರುವುದು ಅದಕ್ಕೇ. ಹಾಗೆಂದು ಸೆನ್ಸರಿನಿಂದ ಪ್ರಯೋಜನವಿಲ್ಲ ಎಂದು ನಾನು ಹೇಳಲಾರೆ. ಅಗ್ಗದ, ಕೆಡದ, ಕೈಯಲ್ಲಿ ಹಿಡಿಯಬಹುದಾದ ಪಟ್ಟಿಯೊಂದು ಅಂದು ಪಡ್ರೆಯಲ್ಲಿ ಇದ್ದಿದ್ದರೆ, ತಮ್ಮ ತೋಡಿನ ನೀರಿನ ಬಗ್ಗೆ ತಿಳಿಯಲು ದೂರದ ನಗರದ ಪ್ರಯೋಗಾಲಯದ ವರದಿಗಾಗಿ, ಒಂದು ವರದಿ ಇನ್ನೊಂದನ್ನು ಅಲ್ಲಗಳೆಯುವುದನ್ನು ನೋಡುತ್ತ, ಆ ಜನ ಕಾಯಬೇಕಾಗುತ್ತಿರಲಿಲ್ಲ. ಗಮನಿಸುವವರು ಊರಿನಲ್ಲಿ, ಅಳೆಯುವವರು ಪಟ್ಟಣದಲ್ಲಿ, ತೀರ್ಮಾನಿಸುವವರು ರಾಜಧಾನಿಯಲ್ಲಿ ಎಂಬ ದೂರವನ್ನು ಈ ಪುಡಿ ಒಂದಿಷ್ಟು ಕಡಿಮೆ ಮಾಡಬಲ್ಲದು. ನನ್ನ ಉತ್ಸಾಹ ಕುಂದಿಲ್ಲ. ಅದರ ವಿಳಾಸ ಬದಲಾಗಿದೆ.

ಏಕೆಂದರೆ ಸೆನ್ಸರನ್ನು ಎಲ್ಲಿ ಇಡುತ್ತೇವೆ ಎಂಬುದೂ ಏನನ್ನು ಕೇಳುತ್ತೇವೆ ಎಂಬುದರಷ್ಟೇ ಮುಖ್ಯ. ನಮ್ಮ ಪಕ್ಕದ ಮನೆಯ ಅಕ್ಕ ಎರಡು ಹಸುಗಳನ್ನು ಸಾಕಿ ದಿನಕ್ಕೆರಡು ಬಾರಿ ಹಾಲಿನ ಸೊಸೈಟಿಗೆ ಹಾಲು ಹಾಕುತ್ತಾರೆ. ಅಲ್ಲಿ ಅವರ ಕ್ಯಾನಿಗೆ ಲ್ಯಾಕ್ಟೋಮೀಟರ್ ಇಳಿಯುತ್ತದೆ, ಫ್ಯಾಟ್ ಎಷ್ಟೆಂದು ಯಂತ್ರ ಹೇಳುತ್ತದೆ, ಅದರ ಮೇಲೆ ಬೆಲೆ ನಿಲ್ಲುತ್ತದೆ. ನಾಳೆ ಅಫ್ಲಟಾಕ್ಸಿನ್ ಪಟ್ಟಿಯೂ ಅಲ್ಲಿಗೇ ಬಂದೀತು. ಒಂದು ಬೆಳಿಗ್ಗೆ ಅದು ಬಣ್ಣ ಬದಲಿಸಿದರೆ ಅವರ ಹಾಲು ತಿರಸ್ಕೃತವಾಗುತ್ತದೆ, ಸಾಲಿನಲ್ಲಿ ನಿಂತವರ ಮುಂದೆ ಮುಖ ತಗ್ಗಿಸಬೇಕಾಗುತ್ತದೆ. ಆದರೆ ಆ ವಿಷ ಅವರು ಬೆರೆಸಿದ್ದಲ್ಲ, ಅವರ ಹಟ್ಟಿಯಲ್ಲೇ ಹುಟ್ಟಿದ್ದೂ ಆಗಿರಲಿಕ್ಕಿಲ್ಲ. ಎಲ್ಲೋ ಮಳೆಗೆ ನೆನೆದ ನೆಲಗಡಲೆ, ಸರಿಯಾಗಿ ಒಣಗದೆ ಗೋದಾಮು ಸೇರಿದ ಹತ್ತಿಬೀಜ, ಅದರಿಂದ ತೆಗೆದ ಹಿಂಡಿ, ಅದನ್ನು ಚೀಲಕ್ಕೆ ತುಂಬಿ ಮಾರಿದವರು, ಇವೆಲ್ಲವನ್ನು ದಾಟಿ ಬಂದ ವಿಷವದು. ಅವರು ದುಡ್ಡು ಕೊಟ್ಟು ಕೊಂಡ ಚೀಲವನ್ನು ಯಾರೂ ಅವರೆದುರು ಪರೀಕ್ಷಿಸಿ ಕೊಟ್ಟಿರಲಿಲ್ಲ. ಸಾಲಿನ ಕೊನೆಯಲ್ಲಿ, ಎದುರು ಮಾತಾಡದ ಕೈಯ ಮುಂದೆ ಉಪಕರಣವನ್ನು ಇಡುವುದು ಎಲ್ಲರಿಗೂ ಸುಲಭ.

ಹಿಂಡಿಯನ್ನೇ ಏಕೆ ಪರೀಕ್ಷಿಸಬಾರದು ಎಂದು ತಂಗಿಯ ಮಗಳನ್ನು ಆಮೇಲೆ ಫೋನಿನಲ್ಲಿ ಕೇಳಿದೆ. ಅದು ಇನ್ನೂ ಕಷ್ಟ ಎಂದಳು. ಹಾಲಿನಲ್ಲಿ ವಿಷ ಸಮನಾಗಿ ಬೆರೆತಿರುತ್ತದೆ; ಒಂದು ಚಮಚ ತೆಗೆದರೂ ಕ್ಯಾನಿನ ಕಥೆ ತಿಳಿಯುತ್ತದೆ. ಧಾನ್ಯ, ಹಿಂಡಿಗಳಲ್ಲಿ ಹಾಗಲ್ಲ. ರಾಶಿಯಲ್ಲಿ ಎಲ್ಲೋ ಕೆಲವು ಕಾಳುಗಳಲ್ಲೇ ವಿಷ ಒತ್ತೊತ್ತಾಗಿರಬಹುದು, ಪಕ್ಕದ ಹಿಡಿಯಲ್ಲಿ ಏನೂ ಇಲ್ಲದಿರಬಹುದು. ಎಲ್ಲಿಂದ, ಎಷ್ಟು ಕಡೆಯಿಂದ ಮಾದರಿ ತೆಗೆದೆವು ಎಂಬುದರಲ್ಲಿ ಆಗುವ ತಪ್ಪು ಉಪಕರಣದ ತಪ್ಪಿಗಿಂತ ದೊಡ್ಡದು. ಚೀಲದ ಹಲವು ಭಾಗಗಳಿಂದ ತೆಗೆದು, ಅರೆದು, ಬೆರೆಸಿ, ಮೆಥನಾಲಿನಲ್ಲಿ ಕದಡಿ ಸೋಸಿದ ಮೇಲೆಯೇ ಅವಳ ಪುಡಿಗೆ ಕೆಲಸ. ಕಷ್ಟವೆಂದಳು, ಆದರೆ ಆಗದೆಂದು ಹೇಳಲಿಲ್ಲ. ಅವಳ ಮುಂದಿನ ಕೆಲಸಕ್ಕೆ ಹಿಂಡಿಯ ಮಾದರಿಗಳು ಬೇಕಾಗುತ್ತವೆ ಎಂದಾಗ, ಪಕ್ಕದ ಮನೆಯ ಹಟ್ಟಿಯಿಂದ ಕೊಡಿಸುವೆನೆಂದು ಮಾತು ಕೊಟ್ಟಿದ್ದೇನೆ.

ಹಾಲು ಕೆಟ್ಟಿದ್ದರೆ ಅದನ್ನು ಚೆಲ್ಲಲೇಬೇಕು. ಮಗುವಿನ ಲೋಟಕ್ಕೆ ಹೋಗುವ ವಸ್ತುವಿನಲ್ಲಿ ಕರುಣೆ ತೋರಿಸಿ ಮಿತಿ ಸಡಿಲಿಸುವಂತಿಲ್ಲ. ಆದರೆ ಚೆಲ್ಲಿದ ಹಾಲಿನ ಅಂದಿನ ಬೆಲೆಯನ್ನು ಹಾಲು ತಂದವರಿಗೆ ಸೊಸೈಟಿ ಕೊಡಬೇಕು ಎಂದು ನನಗೆ ಅನಿಸುತ್ತದೆ. ಅವರ ಹಟ್ಟಿಯಲ್ಲಿರುವ ಹಿಂಡಿ ಚೀಲದ ಲಾಟ್ ಸಂಖ್ಯೆಯನ್ನು ಅದೇ ದಿನ ಬರೆದುಕೊಂಡು, ಆ ಲಾಟಿನ ಚೀಲಗಳು ಇನ್ನು ಯಾವ ಯಾವ ಮನೆಗೆ ಹೋಗಿವೆ ಎಂದು ವಿಚಾರಿಸಬೇಕು. ಹಾಗೆ ಮಾಡುವುದಾದರೆ ಪಟ್ಟಿ ಬಣ್ಣ ಬದಲಿಸಿದ್ದನ್ನು ಅಕ್ಕ ಮುಚ್ಚಿಡಲು ನೋಡುವುದಿಲ್ಲ. ಅವರೇ ಚೀಲವನ್ನು ಹೊತ್ತು ತರುತ್ತಾರೆ.